ಸರಿಯಾದ ಕೈಗೆ ಕೊಟ್ಟಿದ್ದೇನೆ

ಜನವರಿ 14

ಅಕ್ಕಾ,

ನಿನ್ನ ಕಾಗದ ತಲುಪಿತು. ಲಕೋಟೆಗೆ ಎರಡು ಸಲ ಅಂಟು ಹಚ್ಚಿದ ಹಾಗಿತ್ತು. ನೀನು ಅಂಟಿಗೂ ಜಿಪುಣತನ ಮಾಡುವವಳು. ಎರಡನೆಯ ಸಲ ಹಚ್ಚಿದ್ದು ನಮ್ಮ ಅಂಚೆಯವರೇ ಇರಬೇಕು. ಇನ್ನು ಮುಖ್ಯವಾದ ವಿಷಯವಿದ್ದರೆ, ಈ ಕಾಗದದ ಹಾಗೆ, ನಮ್ಮ ಬೀದಿಯ ಕನ್ನಡಕದಂಗಡಿಯವರ ಕೈಯಲ್ಲೇ ಕಳಿಸುತ್ತೇನೆ. ಗಾಜು ತರಲು ಅವರು ತಿಂಗಳಿಗೊಮ್ಮೆ ಗಡಿ ದಾಟಿ ನಿಮ್ಮೂರಿಗೆ ಬರುತ್ತಾರೆ. ಅವರ ಪೆಟ್ಟಿಗೆಯ ಗಾಜುಗಳನ್ನೆಲ್ಲ ಬಿಚ್ಚಿ ನೋಡುವ ತಾಳ್ಮೆ ಗಡಿ ಪೊಲೀಸರಿಗಿಲ್ಲ.

ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ರೇಡಿಯೋದಲ್ಲಿ ಅಧ್ಯಕ್ಷರ ಭಾಷಣ ಶುರುವಾದರೆ ಊಟದ ತಟ್ಟೆ ಬಿಟ್ಟು ಕೇಳಲು ಎದ್ದು ಹೋಗುತ್ತಾರೆ. ನಾನೇನಾದರೂ ಗೊಣಗಿದರೆ, "ಇಪ್ಪತ್ತೆಂಟು ವರ್ಷ ಬಸ್ ಓಡಿಸಿದೀನಿ ಕಣೇ. ಗುಂಡಿ ಇಲ್ಲದ ರಸ್ತೆ ಕಂಡಿದ್ದು ಇವರ ಕಾಲದಲ್ಲೇ" ಎನ್ನುತ್ತಾರೆ. ರಸ್ತೆ ಚೆನ್ನಾಗಿರುವುದು ನಿಜ. ಆ ರಸ್ತೆಯಲ್ಲೇ ಹೋದ ತಿಂಗಳು ಪತ್ರಿಕೆಯ ಸಂಪಾದಕರನ್ನು ಕರೆದುಕೊಂಡು ಹೋದರು, ವಾಪಸ್ ಬಂದಿಲ್ಲ.

ನಿನಗೆ ಗೊತ್ತಿರಬೇಕು, ಅಧ್ಯಕ್ಷರು ಮೂರನೆಯ ಅವಧಿಗೂ ನಿಲ್ಲುತ್ತಾರಂತೆ. ಸಂವಿಧಾನದಲ್ಲಿ ಎರಡೇ ಎಂದಿದೆ. ಆ ಮೊಕದ್ದಮೆ ಈಗ ನಮ್ಮ ಸರ್ವೋಚ್ಚ ನ್ಯಾಯಾಲಯದಲ್ಲಿ, ನಮ್ಮ ಹಿರಿಯ ನ್ಯಾಯಮೂರ್ತಿಗಳ ಪೀಠದ ಮುಂದೆಯೇ ಇದೆ. ಹದಿನೈದು ವರ್ಷದಿಂದ ಅವರ ಸ್ಟೆನೋ ಆಗಿರುವ ನನಗೆ ಅವರ ಮನಸ್ಸು ಇನ್ನೂ ತಿಳಿಯುವುದಿಲ್ಲ. ಅವರು ಹೇಳಿ ಬರೆಸುವಾಗ ಅಲ್ಪವಿರಾಮವನ್ನೂ ಬಾಯಲ್ಲಿ ಹೇಳುತ್ತಾರೆ. "ಇಲ್ಲೊಂದು ಅಲ್ಪವಿರಾಮ ಹಾಕಿ ತಾಯೀ, ಓದೋರು ಉಸಿರು ತಗೊಳ್ಳಲಿ." ಕಾನೂನಿನ ವಿಷಯದಲ್ಲೂ ಅಷ್ಟೇ ಸಾವಧಾನ.

ಸಂಪಾದಕರನ್ನು ಹಿಡಿದಾಗ ನಿಮ್ಮ ಸರ್ಕಾರದ ಹೇಳಿಕೆಯೊಂದು ಬಂತು, "ನೆರೆಯ ಬೆಳವಣಿಗೆಗಳನ್ನು ಗಮನಿಸುತ್ತಿದ್ದೇವೆ" ಅಂತ. ಆ ವಾಕ್ಯ ನಿನ್ನದೇನಾ?

ನಿನ್ನ,
ಪುಟ್ಟಿ


ಫೆಬ್ರವರಿ 2

ಪುಟ್ಟೀ,

ಹೌದು, ಆ ವಾಕ್ಯ ನನ್ನದೇ. ನಗಬೇಡ. ಅದು ಹನ್ನೊಂದನೆಯ ಕರಡು. ಮೊದಲ ಕರಡಿನಲ್ಲಿ ಸಂಪಾದಕರ ಹೆಸರಿತ್ತು, "ಖಂಡಿಸುತ್ತೇವೆ" ಎಂದಿತ್ತು. ನಾಲ್ಕನೆಯದರಲ್ಲಿ ಅದು "ತೀವ್ರ ಕಳವಳ" ಆಯಿತು, ಏಳನೆಯದರಲ್ಲಿ "ತೀವ್ರ" ಹೋಯಿತು, ಒಂಬತ್ತರಲ್ಲಿ ಹೆಸರು ಹೋಯಿತು. ನಮ್ಮ ನಿರ್ದೇಶಕರು ಕೆಂಪು ಪೆನ್ಸಿಲ್ ಹಿಡಿದರೆ ತರಕಾರಿ ಹೆಚ್ಚುವವರ ಹಾಗೆ ಹೆಚ್ಚುತ್ತಾರೆ. ಆದರೆ ತಿಳಿದವರು. ವಿದೇಶಾಂಗ ಇಲಾಖೆಯ ನೆರೆದೇಶಗಳ ವಿಭಾಗದಲ್ಲಿ ನಾನು ಅವರ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ, ಅವರ ಲೆಕ್ಕಾಚಾರ ತಪ್ಪಿದ್ದನ್ನು ನೋಡಿಲ್ಲ.

ನಿಮ್ಮ ದೇಶದ ಸುತ್ತ ನಾವು ಮೂರು ದೇಶಗಳಿದ್ದೇವೆ. ಮೂರರಲ್ಲೂ ಚುನಾವಣೆ ನೆಟ್ಟಗೆ ನಡೆಯುತ್ತದೆ, ಮೂರಕ್ಕೂ ಒಂದೇ ಚಿಂತೆ: ಮೊದಲು ಬಾಯಿ ಬಿಟ್ಟವರ ಮೇಲೆ ನಿಮ್ಮ ಅಧ್ಯಕ್ಷರ ಸಿಟ್ಟು ತಿರುಗುತ್ತದೆ. ಹಾಗಾಗಿ ಬಾಗಿಲ ಮುಂದೆ ನಿಂತು "ನೀವು ಮೊದಲು, ನೀವು ಮೊದಲು" ಎನ್ನುವ ನೆಂಟರ ಹಾಗೆ ಆಗಿದ್ದೇವೆ. ಕೇಳಲು ತಮಾಷೆ. ಆದರೆ ನೆರೆಯವರನ್ನು ಬಹಿರಂಗವಾಗಿ ಬೈದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ, ಆಮೇಲೆ ಒಳಗೆ ಏನಾಗುತ್ತಿದೆ ಎಂದು ಕೇಳಲೂ ಆಗುವುದಿಲ್ಲ.

ನೀನು ವಿಪರೀತ ಹಚ್ಚಿಕೊಳ್ಳುತ್ತೀಯ, ಚಿಕ್ಕಂದಿನಿಂದಲೂ ಹಾಗೆ. ನಿಮ್ಮಲ್ಲಿ ನ್ಯಾಯಾಲಯವಿದೆ, ನಿನ್ನ ನ್ಯಾಯಮೂರ್ತಿಗಳಂಥವರಿದ್ದಾರೆ. ಮೂವತ್ತು ವರ್ಷ ನಿಂತಿರುವುದು ಒಂದು ಚಳಿಗಾಲದಲ್ಲಿ ಬೀಳುವುದಿಲ್ಲ. ಈ ವರ್ಷ ನನಗೂ ಕೆಲಸ ಜಾಸ್ತಿ, ನಿಮ್ಮ ದೇಶದ ಜೊತೆಗಿನ ಒಂದು ಒಪ್ಪಂದದ ಕಡತ ನನ್ನ ಮೇಜಿಗೇ ಬಂದಿದೆ. ನಿನ್ನ ಭಾವ ಶಾಲೆಯಿಂದ ಬಂದರು, ಗಣಿತದ ಉತ್ತರಪತ್ರಿಕೆಗಳನ್ನು ಊಟದ ಮೇಜಿನ ಮೇಲೆ ಹರಡುತ್ತಿದ್ದಾರೆ. ಜಗಳವಾಡಬೇಕು, ನಿಲ್ಲಿಸುತ್ತೇನೆ.

ಅಪ್ಪನಿಗೆ ಮಂಡಿಗೆ ಹಚ್ಚುವ ಎಣ್ಣೆ ಕಳಿಸಿದ್ದೇನೆ.

ಅಕ್ಕ


ಮಾರ್ಚ್ 9

ಅಕ್ಕಾ,

ಇದನ್ನು ಒಬ್ಬಳೇ ಇರುವಾಗ ಓದು. ಇದರ ಜೊತೆಗೆ ಅರವತ್ತೊಂದು ಹಾಳೆಗಳ ಕಟ್ಟು ಇದೆ. ಅದು ನಮ್ಮ ನ್ಯಾಯಾಲಯದ ತೀರ್ಪು. ಯಾರೂ ಕೇಳದ ತೀರ್ಪು.

ನ್ಯಾಯಮೂರ್ತಿಗಳು ಮೂರು ದಿನ ಹೇಳಿ ಬರೆಸಿದರು. ಕೊನೆಯ ದಿನ ಕೋಣೆಯ ಬಾಗಿಲು ಹಾಕಲು ಹೇಳಿ, ಕಿಟಕಿಯ ಹತ್ತಿರ ನಿಂತು, "ಬರ್ಕೊಳ್ಳಿ ತಾಯೀ. ಎರಡು ಅಂದ್ರೆ ಎರಡೇ. ಪೂರ್ಣವಿರಾಮ" ಎಂದರು. ಆಮೇಲೆ ತಮ್ಮಷ್ಟಕ್ಕೆ ನಕ್ಕು, "ಹೀಗೆ ಬರೆದ್ರೆ ಯಾರೂ ತೀರ್ಪು ಅನ್ನಲ್ಲ, ಉದ್ದ ಮಾಡೋಣ" ಎಂದು ಅದನ್ನೇ ಹದಿನಾಲ್ಕು ಪುಟ ಮಾಡಿದರು. ಐವರಲ್ಲಿ ಮೂವರು ಸಹಿ ಮಾಡಿದರು. ಸೋಮವಾರ ಓದಬೇಕಿತ್ತು.

ಶನಿವಾರ ಮಧ್ಯಾಹ್ನ ಒಂದು ಆಜ್ಞೆ ಬಂತು. ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು ಅರವತ್ತೈದರಿಂದ ಅರವತ್ತಕ್ಕೆ ಇಳಿಯಿತು, ಆ ದಿನದಿಂದಲೇ ಜಾರಿ. ಸಹಿ ಮಾಡಿದ ಮೂವರಿಗೂ ಅರವತ್ತು ದಾಟಿದೆ. ಸಹಿ ಮಾಡದ ಇಬ್ಬರಿಗೆ ದಾಟಿಲ್ಲ. ಸಂಜೆಯ ಹೊತ್ತಿಗೆ ಕೋಣೆಗೆ ಅರಗಿನ ಮುದ್ರೆ ಬಿತ್ತು, ಒಳಗಿದ್ದ ಪ್ರತಿಗಳನ್ನೆಲ್ಲ ಒಯ್ದರು. ಅಪ್ಪ ಸುದ್ದಿ ಕೇಳಿ, "ವಯಸ್ಸಾದೋರು ವಿಶ್ರಾಂತಿ ತಗೋಬೇಕಪ್ಪ, ಒಳ್ಳೇದೇ ಆಯ್ತು" ಎಂದರು. ಅವರಿಗೆ ಎಪ್ಪತ್ತನಾಲ್ಕು, ಅಧ್ಯಕ್ಷರಿಗೆ ಅರವತ್ತೆಂಟು.

ಒಂದು ಕಾರ್ಬನ್ ಪ್ರತಿ ತಪ್ಪು ತಿದ್ದಲೆಂದು ನನ್ನ ಕೈಚೀಲದಲ್ಲಿ ಮನೆಗೆ ಬಂದಿತ್ತು. ಕದ್ದದ್ದಲ್ಲ. ಹಿಂದಿರುಗಿಸಿಲ್ಲ, ಅಷ್ಟೇ.

ಈಗ ನಾನು ಹೇಳುವುದನ್ನು ನಿಧಾನವಾಗಿ ಓದು. ಇದನ್ನು ನಿನ್ನ ಕಚೇರಿಗೆ ಕೊಡಬೇಡ. ಪತ್ರಿಕೆಗೆ ಕೊಡು. ಆದರೆ ಮೂರು ದೇಶಗಳ ಪತ್ರಿಕೆಗಳಿಗೂ ಒಂದೇ ದಿನ. ಹೊಸ ಪೀಠ ಮಾರ್ಚ್ 30ಕ್ಕೆ ತನ್ನ ತೀರ್ಪು ಕೊಡುತ್ತದಂತೆ, ಅದಕ್ಕೆ ಮುಂಚೆ ಇದು ಬರಬೇಕು. ಕಾನೂನು ಇದಾಗಲೇ ನಿರ್ಧಾರವಾಗಿತ್ತು ಎಂದು ನಿಮ್ಮ ಮೂರು ಸರ್ಕಾರಗಳೂ ಒಟ್ಟಿಗೆ ಗಟ್ಟಿಯಾಗಿ ಹೇಳಿದರೆ, ಆ ಇಬ್ಬರು ನ್ಯಾಯಮೂರ್ತಿಗಳ ಕೈ ನಡುಗುತ್ತದೆ. ಅವರು ಕೆಟ್ಟವರಲ್ಲ, ಹೆದರಿದವರು. ಮತ್ತೊಂದು, ಹಾಳೆಗಳ ಮೇಲೆ ನನ್ನ ಕೈಬರಹವಿದೆ. ಅಲ್ಪವಿರಾಮಗಳನ್ನೆಲ್ಲ ಪೆನ್ನಿನಲ್ಲಿ ಹಾಕಿದ್ದೇನೆ. ನೀನೇ ಇನ್ನೊಂದು ಸಲ ಟೈಪ್ ಮಾಡಿ, ಇದನ್ನು ಸುಟ್ಟುಬಿಡು.

ಬಯಲಿಗೆ ಬಂದ ಕಾಗದವನ್ನು ಯಾರೂ ಹುಡುಕುವುದಿಲ್ಲ. ಮುಚ್ಚಿಟ್ಟದ್ದು ಎಲ್ಲೋ ಇದೆ ಎಂದು ಗೊತ್ತಾದರೆ ಮಾತ್ರ, ಯಾರು ಕೊಟ್ಟರು ಎಂದು ಹುಡುಕುತ್ತಾರೆ.

ಒಂದು ವಿಷಯ. ನೀನು ಕಾಗದದಲ್ಲಿ "ನಿಮ್ಮ ದೇಶ" ಎಂದು ಬರೆದಿದ್ದೀಯ. ನೀನು ಹುಟ್ಟಿದ್ದೂ ಇಲ್ಲೇ ಕಣೇ ಅಕ್ಕ.

ಪುಟ್ಟಿ


ಮಾರ್ಚ್ 21

ಪುಟ್ಟೀ,

ತಲುಪಿತು. ಸರಿಯಾದ ಕೈಗೆ ಕೊಟ್ಟಿದ್ದೇನೆ. ನಿಶ್ಚಿಂತೆಯಿಂದಿರು, ಎಂದಿನಂತೆ ಕೆಲಸಕ್ಕೆ ಹೋಗು, ಯಾರ ಹತ್ತಿರವೂ ವಾದ ಮಾಡಬೇಡ, ಅಪ್ಪನ ಹತ್ತಿರವೂ.

ಕನ್ನಡಕದಂಗಡಿಯವರು ಹೊರಡುವ ಆತುರದಲ್ಲಿದ್ದಾರೆ. ಮುಂದಿನ ಸಲ ಉದ್ದ ಬರೆಯುತ್ತೇನೆ.

ಅಕ್ಕ


ಏಪ್ರಿಲ್ 4

ಅಕ್ಕಾ,

ನಿನ್ನ ನಾಲ್ಕು ಸಾಲು ಓದಿ ಆ ದಿನ ಹಾಯಾಗಿ ನಿದ್ದೆ ಮಾಡಿದೆ. ಸರಿಯಾದ ಕೈ ಎಂದರೆ ನಿಮ್ಮಲ್ಲಿನ ಯಾವುದೋ ದೊಡ್ಡ ಪತ್ರಿಕೆಯವರೇ ಎಂದುಕೊಂಡೆ. ಮರುದಿನದಿಂದ, ಗ್ರಂಥಾಲಯಕ್ಕೆ ಬರುವ ವಿದೇಶಿ ಪತ್ರಿಕೆಗಳನ್ನು ಕಾಯುತ್ತ ಕೂತೆ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ನಿಮ್ಮ ಪತ್ರಿಕೆಯಲ್ಲಿ ನಮ್ಮ ದೇಶದ ಸುದ್ದಿ ಒಂದೇ ಒಂದು ಬಂತು, ನಮ್ಮಿಂದ ನಿಮಗೆ ಹೊಸದಾಗಿ ಬರಲಿರುವ ವಿದ್ಯುತ್ ಮಾರ್ಗದ ಬಗ್ಗೆ.

ಮೂವತ್ತನೆಯ ತಾರೀಖು ಹೊಸ ಪೀಠ ತೀರ್ಪು ಓದಿತು. ಎರಡು ಪುಟ, ಹನ್ನೊಂದು ನಿಮಿಷ. ಮಧ್ಯದಲ್ಲಿ ಸಂವಿಧಾನಕ್ಕೊಂದು ಸಣ್ಣ ತಿದ್ದುಪಡಿಯಾಗಿತ್ತಲ್ಲ, ಅದಕ್ಕೆ ಮೊದಲಿನ ಅವಧಿ ಲೆಕ್ಕಕ್ಕಿಲ್ಲವಂತೆ, ಹಾಗಾಗಿ ಮೂರನೆಯದೇ ಎರಡನೆಯದಂತೆ. ಅದನ್ನೂ ನನ್ನ ಕೈಯಲ್ಲೇ ಟೈಪ್ ಮಾಡಿಸಿದರು ಅಕ್ಕ. ಬೆರಳು ತಾನಾಗಿ ಓಡಿತು, ಹದಿನೈದು ವರ್ಷದ ಅಭ್ಯಾಸ. ಒಂದು ತಪ್ಪೂ ಆಗಲಿಲ್ಲ. ಅದೇ ನನಗೆ ಬೇಜಾರು.

ಈ ವಾರ ನನ್ನನ್ನು ದಾಖಲೆ ಕೋಣೆಗೆ ಹಾಕಿದ್ದಾರೆ. ನಿನ್ನೆ ಇಬ್ಬರು ಬಂದು ಕೂತರು, ಬಹಳ ಮರ್ಯಾದೆಯವರು. "ಮೇಡಂ, ಮಾಮೂಲಿಯಾಗಿ ಎಷ್ಟು ಪ್ರತಿ ತೆಗೀತಿದ್ರಿ?" "ನಾಲ್ಕು." "ಮೂರು ಸಿಕ್ಕಿದೆ." "ಕಾರ್ಬನ್ ಹಳೇದಾಗಿತ್ತು, ನಾಲ್ಕನೇದು ಮೂಡಿರಲಿಲ್ಲ, ಹರಿದು ಹಾಕಿದೆ." ನನ್ನ ರಜಾ ಅರ್ಜಿಯೊಂದನ್ನು ತೆಗೆದುಕೊಂಡು ಹೋದರು, ಸುಮ್ಮನೆ ಕಡತಕ್ಕೆ ಎಂದರು. ಅದು ನಾನು ಕೈಯಲ್ಲಿ ಬರೆದದ್ದು.

ನೀನು ಟೈಪ್ ಮಾಡಿ ಸುಟ್ಟಿದ್ದೀಯ, ಹಾಗಾಗಿ ನನಗೆ ಭಯವಿಲ್ಲ.

ಆದರೂ ಕೇಳುತ್ತೇನೆ. ಸರಿಯಾದ ಕೈ ಯಾರದು?

ಪುಟ್ಟಿ


ಏಪ್ರಿಲ್ 19

ಪುಟ್ಟೀ,

ನಿನ್ನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲು ನನ್ನ ಕೆಲಸ ಬಿಡುವುದಿಲ್ಲ. ಇಷ್ಟು ನಂಬು, ಕಾಗದ ಭದ್ರವಾಗಿದೆ, ಅದನ್ನು ಬಳಸಬೇಕಾದವರು ಬಳಸುತ್ತಿದ್ದಾರೆ.

ಪತ್ರಿಕೆಯಲ್ಲಿ ಬಂದರೆ ಒಂದು ವಾರ ಗದ್ದಲ. ಆಮೇಲೆ? ನಿಮ್ಮ ಅಧ್ಯಕ್ಷರು ಅದು ನೆರೆಯವರ ಪಿತೂರಿ ಎನ್ನುತ್ತಾರೆ, ಅಪ್ಪನಂಥವರು ಹೌದು ಎನ್ನುತ್ತಾರೆ. ಗಡಿ ಮುಚ್ಚುತ್ತದೆ. ನಿಮ್ಮ ಆಸ್ಪತ್ರೆಗಳ ಅರ್ಧ ಔಷಧ ನಮ್ಮ ಸೇತುವೆಯ ಮೇಲೆಯೇ ಬರುವುದು. ಅದರ ಬದಲು, ನಮಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಾದರೆ, ಮುಖ ಉಳಿಸಿಕೊಂಡು ಹಿಂದೆ ಸರಿಯಲು ಅವರಿಗೊಂದು ದಾರಿ ಇರುತ್ತದೆ. ಮುಂದಿನ ತಿಂಗಳು ಮೂರು ದೇಶಗಳ ಅಧಿಕಾರಿಗಳು ಸೇರುತ್ತಿದ್ದೇವೆ, ಜಂಟಿ ಹೇಳಿಕೆಯ ಕರಡು ನಾನೇ ಬರೆಯುತ್ತಿದ್ದೇನೆ. ಈ ಸಲ "ತೀವ್ರ" ಉಳಿಯುತ್ತದೆ ಎಂದು ನಿರ್ದೇಶಕರು ಮಾತು ಕೊಟ್ಟಿದ್ದಾರೆ.

ಒಂದು ತಿಂಗಳು ರಜೆ ಹಾಕಿ ಇಲ್ಲಿಗೆ ಬಾ. ಅಪ್ಪನನ್ನೂ ಕರೆದುಕೊಂಡು ಬಾ. ಕಾರಣ ಕೇಳಬೇಡ, ಬಾ.

ಅಕ್ಕ


ಮೇ 27

ಪುಟ್ಟೀ,

ಎರಡು ಕಾಗದಕ್ಕೆ ಉತ್ತರವಿಲ್ಲ. ಮನೆಗೆ ಫೋನ್ ಮಾಡಿದರೆ ಗಂಟೆ ಹೊಡೆಯುತ್ತದೆ, ಯಾರೂ ಎತ್ತುವುದಿಲ್ಲ. ಅಪ್ಪ ಮಧ್ಯಾಹ್ನದ ಹೊತ್ತು ಎಲ್ಲಿಗೂ ಹೋಗುವವರಲ್ಲ.

ನನ್ನ ಮೇಲೆ ಸಿಟ್ಟಾಗಿದ್ದರೆ ಅದನ್ನೇ ಒಂದು ಸಾಲು ಬರೆ.

ಅಕ್ಕ


ಜೂನ್ 15

ಪುಟ್ಟೀ,

ಈ ಕಾಗದವನ್ನು ಅಂಚೆಗೆ ಹಾಕಲಾರೆ. ಆದರೂ ನಿನಗೇ ಬರೆಯಬೇಕು.

ಇವತ್ತು ಬೆಳಿಗ್ಗೆ ಕನ್ನಡಕದಂಗಡಿಯವರು ಬಂದರು. ಪೆಟ್ಟಿಗೆ ಇರಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇ ಹನ್ನೆರಡಕ್ಕೆ ಕರ್ಕೊಂಡು ಹೋದ್ರಮ್ಮ. ಕಚೇರಿಯಿಂದಾನೇ. ದೇಶದ ಗುಟ್ಟು ಹೊರಗೆ ಕೊಟ್ರು ಅಂತ."

"ಅಪ್ಪ?"

"ದಿನಾ ಜೈಲಿನ ಗೇಟಿನ ಹತ್ರ ಹೋಗಿ ಕೂರ್ತಾರೆ. 'ಅಧ್ಯಕ್ಷರಿಗೆ ಈ ವಿಷಯ ಗೊತ್ತಿಲ್ಲ, ಗೊತ್ತಾದ್ರೆ ಅವತ್ತೇ ಬಿಡಿಸ್ತಾರೆ' ಅಂತಾರೆ. ವಾರಕ್ಕೊಂದು ಅರ್ಜಿ ಬರೆದು ಕಳಿಸ್ತಿದಾರೆ."

ಹೊರಡುವಾಗ ಅವರು, "ನನ್ನ ಗಡಿ ಪರವಾನಗಿ ಮುಗೀತು, ಹೊಸದು ಕೊಡಲ್ಲ ಅಂದ್ರು. ಇನ್ನು ಬರೋಕಾಗಲ್ಲ" ಎಂದರು. ನನ್ನ ಮುಖ ನೋಡಿ ಏನೋ ಕೇಳಬೇಕೆಂದಿದ್ದವರು ಕೇಳಲಿಲ್ಲ.

ಕೇಳದಿದ್ದರೂ ಹೇಳುತ್ತೇನೆ. ನಿನ್ನ ಕಟ್ಟು ಬಂದ ದಿನ ಟೈಪ್‌ರೈಟರಿನ ಮುಂದೆ ಕೂತೆ. ಆರು ಪುಟ ಹೊಡೆದೆ. ಆಮೇಲೆ, ಇದು ನನ್ನ ಕೈಮೀರಿದ್ದು, ದೊಡ್ಡವರು ನೋಡಲಿ ಎನಿಸಿತು. ಹೆದರಿಕೆಯೂ ಇತ್ತು. ನಾನು ಹೊರಗಿನಿಂದ ಬಂದವಳು, ಆ ಕಾಗದ ನನ್ನಿಂದ ಪತ್ರಿಕೆಗೆ ಹೋಯಿತೆಂದರೆ ನನ್ನನ್ನು ಯಾವ ದೇಶದವಳು ಎಂದು ಕೇಳುತ್ತಿದ್ದರು. ನಿರ್ದೇಶಕರಿಗೆ ಕೊಟ್ಟೆ. ಟೈಪ್ ಮಾಡಿಕೊಡುತ್ತೇನೆ ಎಂದೆ. "ಬೇಡ, ಮೂಲಕ್ಕೆ ಇರೋ ತೂಕ ನಕಲಿಗಿರಲ್ಲ" ಎಂದರು. ನಾನು ಒಪ್ಪಿದೆ.

ಮಾರ್ಚ್ 27ರಂದು ನಿಮ್ಮ ರಾಯಭಾರಿ ನಮ್ಮ ಕಚೇರಿಗೆ ಬಂದಿದ್ದರು. ಮಾತುಕತೆ ಬರೆದುಕೊಳ್ಳಲು ನಾನೇ ಕೂತಿದ್ದೆ. ವಿದ್ಯುತ್ ಮಾರ್ಗದ ಮಾತೆಲ್ಲ ಮುಗಿದ ಮೇಲೆ ನಿರ್ದೇಶಕರು ಕಬ್ಬಿಣದ ಬೀರು ತೆಗೆದು, "ಇಂಥದ್ದೊಂದು ನಮ್ಮಲ್ಲೂ ಇದೆ, ನಿಮಗೆ ತಿಳಿದಿರಲಿ ಅಂತ" ಎಂದು ಮೊದಲ ಪುಟವನ್ನು, ಅವರು ಕೊಂಡೊಯ್ಯಲು ಅದರದೊಂದು ಫೋಟೋವನ್ನು, ಅವರ ಮುಂದೆ ಇಟ್ಟರು. ಬೆದರಿಕೆ ಎನ್ನುವಷ್ಟು ಜೋರಿಲ್ಲ, ಸಲಹೆ ಎನ್ನುವಷ್ಟು ಮೆತ್ತಗಿಲ್ಲ. ನಿರ್ದೇಶಕರ ಶೈಲಿ. ರಾಯಭಾರಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಓದುತ್ತಿರಲಿಲ್ಲ. ಅವರ ಕಣ್ಣು ಸಾಲಿನ ಮೇಲೆ ಓಡುತ್ತಿರಲಿಲ್ಲ, ಒಂದು ಅಲ್ಪವಿರಾಮದಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಅದು ನನಗೆ ಕಂಡಿತು. ಮೂರು ಅಡಿ ದೂರದಲ್ಲಿದ್ದೆ. ಕೈ ಚಾಚಿ ಹಾಳೆ ಎಳೆದುಕೊಳ್ಳಬಹುದಿತ್ತು. ನಾನು, "ರಾಯಭಾರಿಗಳು ದಾಖಲೆಯನ್ನು ಪರಿಶೀಲಿಸಿದರು" ಎಂದು ಬರೆದುಕೊಂಡೆ.

ಅದಾದ ಮೂರು ದಿನಕ್ಕೆ ನಿಮ್ಮ ಹೊಸ ತೀರ್ಪು ಬಂತು. ಮೇ 5ಕ್ಕೆ ವಿದ್ಯುತ್ ಒಪ್ಪಂದಕ್ಕೆ ಸಹಿಯಾಯಿತು. ಜಂಟಿ ಹೇಳಿಕೆ ಬರಲೇ ಇಲ್ಲ, "ತೀವ್ರ" ಎಂಬ ಮಾತಿಗೆ ಮೂವರೂ ಒಪ್ಪಲಿಲ್ಲವಂತೆ. ಬಾ ಎಂದು ಏಪ್ರಿಲ್‌ನಲ್ಲಿ ಕರೆದೆನಲ್ಲ, ಆಗ ನನಗೆ ಎಲ್ಲ ಗೊತ್ತಿತ್ತು. ಕಾರಣ ಹೇಳಿದ್ದರೆ ನೀನು ಬರುತ್ತಿದ್ದೆ. ಹೇಳಿದರೆ ನಾನು ಮಾಡಿದ್ದೂ ಹೇಳಬೇಕಿತ್ತು.

ಅಕ್ಕ


ಫೆಬ್ರವರಿ 20

ಪುಟ್ಟೀ,

ಜೈಲಿನ ವಿಳಾಸಕ್ಕೆ ಬರೆದ ಕಾಗದಗಳು, ಬೆಚ್ಚನೆಯ ಬಟ್ಟೆಯ ಗಂಟು, ಎಲ್ಲವೂ ವಾಪಸ್ ಬಂದವು. ಒಂದೇ ಮುದ್ರೆ: ಈ ಹೆಸರಿನವರು ಇಲ್ಲ.

ಒಂಬತ್ತು ತಿಂಗಳಾಯಿತು. ಎಲ್ಲವನ್ನೂ ಹೊರಗೆ ಹೇಳುತ್ತೇನೆ ಎಂದು ನಿರ್ದೇಶಕರ ಮುಂದೆ ಮೂರು ಸಲ ನಿಂತೆ. ಮೂರು ಸಲವೂ ಅವರು ನೀರು ತರಿಸಿ ಕೊಟ್ಟು, "ನೀವು ಬಾಯಿ ಬಿಟ್ರೆ ನಿಮ್ಮ ತಂಗಿಗೇ ಕಷ್ಟ ಜಾಸ್ತಿ ಆಗುತ್ತೆ. ಒಳಗಿಂದ ಪ್ರಯತ್ನ ನಡೀತಿದೆ. ಇನ್ನೆರಡು ತಿಂಗಳು ತಡ್ಕೊಳ್ಳಿ" ಎಂದರು. ಪ್ರತಿ ಸಲವೂ ಎರಡೇ ತಿಂಗಳು. ಪ್ರತಿ ಸಲವೂ ನಂಬಿದೆ. ನಂಬುವುದು ಸುಲಭವಾಗಿತ್ತು ಎಂದರೆ ಹೆಚ್ಚು ಸರಿ.

ನಿಮ್ಮಲ್ಲಿ ಚುನಾವಣೆ ಮುಗಿಯಿತು. ನಮ್ಮ ಅಭಿನಂದನಾ ಸಂದೇಶ ಬರೆದವಳು ನಾನೇ. ನಿನ್ನ ಭಾವ ಅದನ್ನು ಪತ್ರಿಕೆಯಲ್ಲಿ ಓದಿ, ಮಡಿಸಿಟ್ಟು, "ವಾಕ್ಯ ಚೆನ್ನಾಗಿದೆ" ಎಂದರು. ಅಷ್ಟೇ ಹೇಳಿ ಶಾಲೆಗೆ ಹೋದರು.

ಅಕ್ಕ


ಅಕ್ಟೋಬರ್ 3

ಪುಟ್ಟೀ,

ಸೆಪ್ಟೆಂಬರ್ 28ಕ್ಕೆ ಅಪ್ಪ ಹೋದರು. ಪಕ್ಕದ ಮನೆಯವರು ತಂತಿ ಕಳಿಸಿದ್ದರು. ಜೈಲಿನ ಗೇಟಿನ ಎದುರು ಬೆಂಚಿನ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ. ಕಾವಲಿನವನು ನಿದ್ದೆ ಹೋಗಿದ್ದಾರೆ ಎಂದು ಮಧ್ಯಾಹ್ನದವರೆಗೂ ಎಬ್ಬಿಸಲಿಲ್ಲವಂತೆ.

ನಿನಗೆ ಇದನ್ನು ಯಾರಾದರೂ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮಣ್ಣಿಗೆ ಹೋಗಲು ನಿಮ್ಮ ರಾಯಭಾರ ಕಚೇರಿ ನನಗೆ ವೀಸಾ ಕೊಡಲಿಲ್ಲ. ನಮ್ಮ ನಿರ್ದೇಶಕರು ಒಂದು ಮಾತು ಹೇಳಿದ್ದರೆ ಕೊಡುತ್ತಿದ್ದರು. ಕೇಳಿದೆ. "ಈಗ ಸಂಬಂಧ ಸೂಕ್ಷ್ಮವಾಗಿದೆ" ಎಂದರು. ಹದಿಮೂರು ವರ್ಷದಲ್ಲಿ ಆ ಮಾತನ್ನು ನಾನೇ ನೂರಾರು ಸಲ ಟೈಪ್ ಮಾಡಿದ್ದೇನೆ. ಅವತ್ತು ಮೊದಲ ಸಲ ಅದರ ಅರ್ಥ ತಿಳಿಯಿತು.

ನಮ್ಮ ಸಂಸತ್ತಿನ ವಿದೇಶಾಂಗ ಸಮಿತಿಗೆ ಪತ್ರ ಬರೆದಿದ್ದೇನೆ. ನವೆಂಬರ್ 6ಕ್ಕೆ ಕರೆದಿದ್ದಾರೆ. ಬಹಿರಂಗ ವಿಚಾರಣೆ, ಪತ್ರಿಕೆಯವರು ಇರುತ್ತಾರೆ. ನಿನ್ನ ಪೂರ್ತಿ ಹೆಸರು ಹೇಳುತ್ತೇನೆ, ನಾನು ಮಾಡಿದ್ದನ್ನೂ ಹೇಳುತ್ತೇನೆ. ಇದರಿಂದ ನಿನಗೆ ಒಳ್ಳೆಯದಾಗುತ್ತದೋ ಕೆಟ್ಟದ್ದೋ ಗೊತ್ತಿಲ್ಲ. ಇಷ್ಟು ದಿನ ಗೊತ್ತಿದೆ ಎಂದುಕೊಂಡು ಮಾಡಿದ್ದೆ.

ಅಕ್ಕ


ಜನವರಿ 22

ಅಕ್ಕ,

ಆಶ್ರಯ ಕೇಂದ್ರದ ವಿಳಾಸಕ್ಕೆ ನೀನು ಕಳಿಸಿದ ಹಳೆಯ ಕಾಗದಗಳ ಕಟ್ಟು ಬಂತು. ಎಲ್ಲವನ್ನೂ ಒಂದೇ ಮಧ್ಯಾಹ್ನ ಓದಿದೆ. ಉತ್ತರಕ್ಕೆ ಹತ್ತು ದಿನ ಬೇಕಾಯಿತು.

ಆರೋಗ್ಯವಾಗಿದ್ದೇನೆ. ಎಡಗಿವಿ ಸ್ವಲ್ಪ ಮಂದ. ಇಲ್ಲಿ ಆರು ಹಾಸಿಗೆಯ ಕೋಣೆ, ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಬೆಳಿಗ್ಗೆ ಪುರಸಭೆಯ ಕಚೇರಿಯಲ್ಲಿ ಟೈಪಿಂಗ್ ಕೆಲಸ ಕೊಟ್ಟಿದ್ದಾರೆ.

ನಿನ್ನ ವಿಚಾರಣೆಯ ಸುದ್ದಿ ನವೆಂಬರ್ 6ಕ್ಕೆ ಬಂತು ತಾನೆ? ಹತ್ತನೆಯ ತಾರೀಖು ನನಗೆ ಮೊದಲ ಸಲ ಡಾಕ್ಟರನ್ನು ಕರೆಸಿದರು. ಹದಿನೈದಕ್ಕೆ ಹೊದಿಕೆ ಕೊಟ್ಟರು. ಮಿಕ್ಕ ಎರಡು ದೇಶಗಳು ತಮ್ಮ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡವಂತೆ, ಅವತ್ತಿನಿಂದ ಜೈಲಿನ ಮೇಲ್ವಿಚಾರಕಿ ನನ್ನನ್ನು "ನೀವು" ಎನ್ನತೊಡಗಿದಳು. ಡಿಸೆಂಬರ್ 12ಕ್ಕೆ ಗಡೀಪಾರು. ಐದು ವಾರ ಅಕ್ಕ. ಹೆಸರು ಗಟ್ಟಿಯಾಗಿ ಹೇಳಿದ ಮೇಲೆ ಐದೇ ವಾರ. ಅದಕ್ಕೆ ಮುಂಚೆ ಹದಿನೆಂಟು ತಿಂಗಳು. ನಿನ್ನನ್ನು ಚುಚ್ಚಲು ಹೇಳುತ್ತಿಲ್ಲ. ನೀನು ಕರಡು ಬರೆಯುವವಳು, ನಿನಗೆ ಇದು ಗೊತ್ತಿರಬೇಕು.

ಜೀಪಿನಲ್ಲಿ ಕೂರಿಸಿ ಯಾವ ಗಡಿ ಎಂದು ಕೇಳಿದರು. ಉತ್ತರದ್ದು ಎಂದೆ. ನಿನ್ನ ದೇಶದ ಗಡಿ ಹತ್ತಿರವಿತ್ತು.

ಕಾರಣ ಹೇಳುತ್ತೇನೆ. ಮೊದಲ ವಾರದಲ್ಲೇ ವಿಚಾರಣೆಯ ಅಧಿಕಾರಿ ನನ್ನ ರಜಾ ಅರ್ಜಿ ಮತ್ತು ಒಂದು ಹಾಳೆಯ ಫೋಟೋ ಮುಂದಿಟ್ಟು, "ನಿಮ್ಮ ಅಕ್ಕನ ಕಚೇರಿಯಲ್ಲೇ ತೋರಿಸಿದ್ದು, ಅವರು ಅಲ್ಲೇ ಕೂತಿದ್ರು" ಎಂದ. ನಾನು ನಗಾಡಿದೆ. ಸುಳ್ಳು ಹೇಳಿ ನನ್ನನ್ನು ಮುರಿಯಲು ನೋಡುತ್ತಿದ್ದಾರೆ ಎಂದುಕೊಂಡೆ. "ನಮ್ಮಕ್ಕ ಅಂಥವಳಲ್ಲ, ನೀವು ಬೇರೆ ಕತೆ ಕಟ್ಟಿ" ಎಂದೆ. ಅದನ್ನೇ ಹದಿನೆಂಟು ತಿಂಗಳು ಹೇಳಿದೆ. ಕೊನೆಕೊನೆಗೆ ಅವನು, "ನಿಮ್ಮನ್ನ ನೋಡಿದ್ರೆ ಪಾಪ ಅನ್ಸುತ್ತೆ" ಎಂದ. ಬೈದದ್ದಕ್ಕಿಂತ ಆ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಇಲ್ಲಿಗೆ ಬಂದ ಮೇಲೆ ಪತ್ರಿಕೆಯಲ್ಲಿ ನಿನ್ನ ಹೇಳಿಕೆ ಓದಿದೆ. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವನು ನಿಜ ಹೇಳಿದ್ದು, ನಾನು ಸುಳ್ಳಿಗೆ ಅಂಟಿಕೊಂಡದ್ದು ಎಂದಾಯಿತಲ್ಲ, ಅದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಅಪ್ಪನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಬಿಡುವ ದಿನ ಕಾವಲಿನವನು ಅವರ ಚೀಲ ಕೈಗೆ ಕೊಟ್ಟ. ಅದರಲ್ಲಿ ಅವರು ಬರೆದ ಅರ್ಜಿಗಳ ನಕಲುಗಳಿದ್ದವು. ಮೊದಲಿನವುಗಳಲ್ಲಿ "ಮಾನ್ಯ ಅಧ್ಯಕ್ಷರ ಪಾದಾರವಿಂದಗಳಿಗೆ" ಎಂದಿದೆ. ಆಮೇಲೆ ಪಾದ ಹೋಗಿದೆ, ಆಮೇಲೆ ಮಾನ್ಯ ಹೋಗಿದೆ. ಕೊನೆಯದರಲ್ಲಿ, "ನಿಮಗೆ ಗೊತ್ತಿತ್ತು" ಎಂಬ ಒಂದೇ ಸಾಲಿದೆ. ಅದರ ನಕಲಿಲ್ಲ, ಮೂಲವೇ ಚೀಲದಲ್ಲಿದೆ. ಕಳಿಸಿರಲಿಲ್ಲ.

ಕಟ್ಟಿನ ಮೇಲಿನ ಚೀಟಿಯಲ್ಲಿ, ನೋಡಲು ಬರಲೇ ಎಂದು ಕೇಳಿದ್ದೀಯ. ಬೇಡ ಅಕ್ಕ, ಈಗಲೇ ಬೇಡ. ಕ್ಷಮಿಸಿದ್ದೇನಾ ಎಂದೂ ಕೇಳಿದ್ದೀಯ. ಬೆಳಿಗ್ಗೆ ಕ್ಷಮಿಸಿರುತ್ತೇನೆ, ಸಂಜೆಗೆ ಇಲ್ಲ.

ಒಂದು ಕೆಲಸ ಹೇಳುತ್ತೇನೆ. ನನ್ನ ಜೊತೆ ಒಳಗಿದ್ದವರಲ್ಲಿ ಹನ್ನೊಂದು ಜನರ ಹೆಸರು ಬೇರೆ ಹಾಳೆಯಲ್ಲಿದೆ. ಅವರಿಗೆ ವಿದೇಶಾಂಗ ಇಲಾಖೆಯಲ್ಲಿ ಅಕ್ಕಂದಿರಿಲ್ಲ. ಇದನ್ನು ಯಾರ ಕೈಗೂ ಕೊಡಬೇಡ. ನೀನೇ ಓದು, ಜನ ಇರುವ ಕಡೆ ನಿಂತು.

ಪುಟ್ಟಿ


ಫೆಬ್ರವರಿ 11

ಪುಟ್ಟೀ,

ವಿದ್ಯುತ್ ಮಾರ್ಗವನ್ನು "ಪುನರ್ಪರಿಶೀಲಿಸುತ್ತಿದ್ದೇವೆ" ಎಂದು ನಮ್ಮ ಸರ್ಕಾರ ಹೇಳಿದೆ. ದೀಪಗಳು ಉರಿಯುತ್ತಿವೆ. ಆ ಹೇಳಿಕೆಯನ್ನು ಬೇರೆ ಯಾರೋ ಬರೆದಿದ್ದಾರೆ, ನನ್ನನ್ನು ಕೆಲಸದಿಂದ ತೆಗೆದು ಮೂರು ತಿಂಗಳಾಯಿತು.

ನಿನ್ನೆ ಮಧ್ಯಾಹ್ನ ಇಲಾಖೆಯ ಮೆಟ್ಟಿಲ ಮೇಲೆ ನಿಂತು ಓದಿದೆ. ಊಟದ ಬಿಡುವಿನ ಹೊತ್ತು. ನನ್ನ ಹಳೆಯ ಸಹೋದ್ಯೋಗಿಗಳು ಬಾಗಿಲವರೆಗೆ ಬಂದು, ನನ್ನನ್ನು ನೋಡಿ, ಪಕ್ಕದ ಬಾಗಿಲಿನಿಂದ ಹೊರಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಅದೇ ಬಾಗಿಲಿನಿಂದ ಹೋಗುತ್ತಿದ್ದೆ. ನಿನ್ನ ಭಾವ ಕೆಳಗಿನ ಮೆಟ್ಟಿಲಲ್ಲಿ ಕೊಡೆ ಹಿಡಿದು ನಿಂತಿದ್ದರು. ಮೊದಲ ಹೆಸರು ಓದುವಾಗ ಧ್ವನಿ ಹೊರಡಲಿಲ್ಲ. ಹದಿಮೂರು ವರ್ಷ ಬರೆದಿದ್ದೇ ಹೊರತು ಬಾಯಿಬಿಟ್ಟು ಹೇಳಿದವಳಲ್ಲ. "ಇನ್ನೂ ಜೋರಾಗಿ" ಎಂದರು ನಿನ್ನ ಭಾವ, ಹಿಂದಿನ ಬೆಂಚಿನವರಿಗೆ ಹೇಳುವ ಹಾಗೆ.

ನಾಲ್ಕೈದು ಜನ ನಿಂತರು. ಆರನೆಯ ಹೆಸರು ಓದಿದಾಗ, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದಿದ್ದ ಒಬ್ಬ ಹೆಂಗಸು ರಸ್ತೆ ದಾಟಿ ನನ್ನ ಹತ್ತಿರ ಬಂದಳು. ಬೈಯಲು ಬಂದಳು ಎಂದುಕೊಂಡೆ.

"ಅದು ಹಾಗಲ್ಲ," ಎಂದಳು. "ಕೊನೇ ಅಕ್ಷರ ಎಳೀಬೇಕು. ನನ್ನ ತಮ್ಮ ಅವನು."

"ಹೇಗೆ?" ಎಂದೆ.

ಅವಳು ಹೇಳಿದಳು. ನಾನು ತಪ್ಪು ಹೇಳಿದೆ, ಅವಳು ಮತ್ತೆ ತಿದ್ದಿದಳು. ಮೂರನೆಯ ಸಲ ಸರಿಯಾಯಿತು. ಅವಳು ಚೀಲವನ್ನು ಮೆಟ್ಟಿಲ ಮೇಲಿಟ್ಟು ನನ್ನ ಪಕ್ಕದಲ್ಲೇ ನಿಂತುಕೊಂಡಳು. ನಾನು ಮೊದಲ ಹೆಸರಿನಿಂದ ಮತ್ತೆ ಓದಲು ಶುರುಮಾಡಿದೆ.

ಅಕ್ಕ